ಪಂಚರ್ ಮಕ್ಕಳೇ ಹಾಕಲಿ, ಸೈಕಲ್ ಶಾಪೂ ಉಳಿಯಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಓದುಗರ ಅಂಕಣದಲ್ಲಿ ಇತ್ತೀಚೆಗೆ ಸೈಕಲ್ ರಿಪೇರಿ ಬಗ್ಗೆ ಎರಡು ಪತ್ರ ಬಂದಿದ್ದವು. ಒಬ್ಬರು, ಪಾನಾ ಸೆಟ್ಟೊಂದನ್ನು ಆನ್‌ಲೈನಿನಲ್ಲಿ ತರಿಸಿಕೊಂಡು, ಮೊಬೈಲಿನಲ್ಲಿ ವಿಡಿಯೊ ನೋಡಿ ಎಲ್ಲ ರಿಪೇರಿಯನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು, ಅಂಗಡಿಗೆ ಸುಮ್ನೆ ದುಡ್ಡು ಯಾಕೆ ಎಂದು ಬರೆದಿದ್ದರು. ಇನ್ನೊಬ್ಬರು, ಹಾಗೆ ಮಾಡಿದರೆ ಬಡ ಮೆಕ್ಯಾನಿಕ್‌ಗಳ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತದೆ, ಗಾಳಿ ಇಳಿದರೂ ಅಂಗಡಿಗೇ ಹೋಗಿ ಎಂದಿದ್ದರು. ಇಬ್ಬರೂ ಒಳ್ಳೆ ಮನಸ್ಸಿನಿಂದಲೇ ಬರೆದಿದ್ದಾರೆ. ಆದರೆ ನಮ್ಮ ದಾವಣಗೆರೆ ಸುತ್ತಮುತ್ತ ಆಗುತ್ತಿರುವುದು ಇದೆರಡೂ ಅಲ್ಲ. ಕೆಟ್ಟ ಸೈಕಲ್ಲು ಅಂಗಡಿಗೂ ಹೋಗುತ್ತಿಲ್ಲ, ಮನೆಯಲ್ಲೂ ರಿಪೇರಿ ಆಗುತ್ತಿಲ್ಲ. ಗೋಡೆಗೆ ಒರಗಿಕೊಂಡು ನಿಂತಿದೆ. ಅದರ ಮೇಲೆ ಬಟ್ಟೆ ಒಣಗುತ್ತಿದೆ. ಮೆಕ್ಯಾನಿಕ್‌ಗೆ ಕೆಲಸ ಇಲ್ಲದಿರುವುದಕ್ಕೂ ಮಕ್ಕಳು ಸ್ಕೂಲಿಗೆ ನಡೆದು ಬರುವುದಕ್ಕೂ ದೊಡ್ಡ ಕಾರಣ ಅದೇ.

ನಾನು ಹದಡಿ ರಸ್ತೆ ಕಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮನೆ ನಿಟ್ಟುವಳ್ಳಿಯಲ್ಲಿ. ನಮ್ಮ ಶಾಲೆಗೆ ಸುತ್ತಲಿನ ಸಣ್ಣ ಹಳ್ಳಿಗಳಿಂದ, ಕ್ಯಾಂಪುಗಳಿಂದ, ತಾಂಡಾದಿಂದ ಮಕ್ಕಳು ಬರುತ್ತಾರೆ. ಭದ್ರಾ ನಾಲೆಯ ಏರಿ ಮೇಲಿನ ದಾರಿಯೇ ಎಷ್ಟೋ ಮಕ್ಕಳಿಗೆ ಹತ್ತಿರ. ಬಸ್ಸು ಆ ಕಡೆ ಹೋಗುವುದಿಲ್ಲ. ನಮ್ಮ ಸೀಮೆ ಮಟ್ಟಸವಾದದ್ದು, ಏರು ತಗ್ಗು ಇಲ್ಲ. ಸೈಕಲ್ಲಿಗೆ ಇದಕ್ಕಿಂತ ಒಳ್ಳೆ ನೆಲ ಸಿಗುವುದು ಕಷ್ಟ. ಕಷ್ಟ ಇರುವುದು ಒಂದೇ, ಜಾಲಿ ಮುಳ್ಳು. ಗದ್ದೆ ಬದಿಯ ಬೇಲಿ ಸವರಿದ ದಿನ ಆ ದಾರಿಯಲ್ಲಿ ಬಂದ ಸೈಕಲ್ಲುಗಳ ಕಥೆ ಕೇಳುವುದೇ ಬೇಡ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಇದ್ದಕ್ಕಿದ್ದ ಹಾಗೆ ತಡವಾಗಿ ಬರಲು ಶುರು ಮಾಡಿದಳು. ಆಮೇಲೆ ದಿನ ಬಿಟ್ಟು ದಿನ ಬರತೊಡಗಿದಳು. 'ಸೈಕಲ್ ಏನಾಯ್ತಮ್ಮ?' ಎಂದರೆ, 'ಪಂಚರ್ ಆಗಿದೆ ಮಿಸ್' ಎಂದಳು. ಅಪ್ಪ ಕೊಯ್ಲಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ಸೈಕಲ್ ಶಾಪ್ ಇರುವುದು ನಮ್ಮ ಶಾಲೆಯ ಊರಿನಲ್ಲಿ. ಗಾಳಿ ಇಲ್ಲದ ಸೈಕಲ್ಲನ್ನು ಅಲ್ಲಿಯವರೆಗೆ ತಳ್ಳಿಕೊಂಡು ಬರುವವರು ಯಾರು? ಸಂಜೆ ಒಬ್ಬಳೇ ನಡೆದು ಹೋಗುವುದು ಅವಳ ಅಮ್ಮನಿಗೆ ಸರಿಬರಲಿಲ್ಲ. ಹಾಗಾಗಿ ಜೊತೆ ಸಿಕ್ಕ ದಿನ ಸ್ಕೂಲು, ಸಿಗದ ದಿನ ಇಲ್ಲ.

ನಾನು ಅವರ ಮನೆಗೆ ಹೋಗಿ ಸೈಕಲ್ ನೋಡಿದೆ. ಟ್ಯೂಬಿಗೆ ಗಾಳಿ ತುಂಬುವ ವಾಲಿನ ಮೂತಿಗೆ ಸ್ವಲ್ಪ ಎಂಜಲು ಹಚ್ಚಿ, ಪಕ್ಕದ ಮನೆಯವರ ಪಂಪಿನಿಂದ ಗಾಳಿ ಹೊಡೆಸಿದೆ. ಎಂಜಲು ಬುಳಬುಳ ಎಂದು ಗುಳ್ಳೆಯಾಯಿತು. ಪಂಚರ್ ಆಗಿರಲೇ ಇಲ್ಲ. ಹಳೇ ಮಾದರಿಯ ಸೈಕಲ್ಲಿನ ವಾಲಿನೊಳಗೆ ಒಂದು ಸಣ್ಣ ಪಿನ್ನು ಇರುತ್ತದೆ, ಅದರ ಮೇಲೆ ಹುಲ್ಲಿನ ಕಡ್ಡಿಯಷ್ಟು ದಪ್ಪದ ರಬ್ಬರ್ ಕೊಳವೆ ಎಳೆದಿರುತ್ತಾರೆ. ಅದೇ ವಾಲ್ ಟ್ಯೂಬು. ಪಂಪಿನ ಗಾಳಿ ಆ ರಬ್ಬರನ್ನು ಉಬ್ಬಿಸಿಕೊಂಡು ಒಳಗೆ ಹೋಗುತ್ತದೆ, ವಾಪಸ್ ಬರಲು ನೋಡಿದಾಗ ರಬ್ಬರ್ ಪಿನ್ನಿಗೆ ಅಂಟಿಕೊಂಡು ತೂತು ಮುಚ್ಚುತ್ತದೆ. ಬಿಸಿಲಿಗೆ ಬಿದ್ದು ಆ ರಬ್ಬರ್ ಒಣಗಿ ಸೀಳಿದರೆ ಗಾಳಿ ನಿಲ್ಲುವುದಿಲ್ಲ. ಎರಡು ಬೆರಳಷ್ಟು ಉದ್ದದ ಹೊಸ ವಾಲ್ ಟ್ಯೂಬ್ ಹಾಕಿದರೆ ಆಯಿತು. ಅದಕ್ಕೆ ಪಾನಾ ಬೇಡ, ಕೈಬೆರಳು ಸಾಕು. ಬೆಲೆಯಂತೂ ಲೆಕ್ಕಕ್ಕೆ ಇಟ್ಟುಕೊಳ್ಳುವಷ್ಟು ಇಲ್ಲ. ಅಷ್ಟು ಚಿಕ್ಕ ರಬ್ಬರಿನ ತುಂಡು ಇಲ್ಲದೆ ಒಂದು ಹೆಣ್ಣುಮಗುವಿನ ಓದು ಅರ್ಧಕ್ಕೆ ನಿಲ್ಲುವ ಹಾಗಾಗಿತ್ತು.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಅದು ಬಂದ ಮೇಲೆ ಹಳ್ಳಿ ರಸ್ತೆಗಳಲ್ಲಿ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿದು ಹೋಗುವುದನ್ನು ಎಲ್ಲರೂ ನೋಡಿದ್ದೇವೆ. ಬಿಹಾರದಲ್ಲಿ ಕೂಡ 2006ರಲ್ಲೇ ಒಂಬತ್ತನೇ ತರಗತಿಗೆ ಬರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟರು. ಅದರಿಂದ ಏನಾಯಿತು ಎಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಹೆಚ್ಚಿತ್ತು. ಅದೂ ಶಾಲೆ ಮೂರು ಕಿಲೋಮೀಟರ್ ಅಥವಾ ಅದಕ್ಕಿಂತ ದೂರ ಇರುವ ಹಳ್ಳಿಗಳಲ್ಲೇ ಜಾಸ್ತಿ. ನಮ್ಮ ಶಾಲೆಯ ಹಾಜರಿ ಪುಸ್ತಕ ನೋಡುವ ನನಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ.

ಕೋವಿಡ್ ಬಂದ ಮೇಲೆ ನಮ್ಮಲ್ಲಿ ಆ ಯೋಜನೆ ನಿಂತುಹೋಯಿತು. ಮತ್ತೆ ಶುರು ಮಾಡಬೇಕು ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಖಂಡಿತ ಮಾಡಬೇಕು. ಆದರೆ ಕೊಡುವಾಗ ನಾವು ಸೈಕಲ್ ಒಂದನ್ನೇ ಕೊಟ್ಟೆವು. ಅದರ ಜೊತೆ ಪಂಪ್ ಇಲ್ಲ, ಪಾನಾ ಇಲ್ಲ, ಚೈನಿಗೆ ಯಾವ ಎಣ್ಣೆ ಹಾಕಬೇಕು ಎಂದು ಹೇಳುವವರಿಲ್ಲ. ಚೈನು ಕಿರುಗುಟ್ಟಿತು ಎಂದು ಅಡುಗೆಮನೆಯ ಶೇಂಗಾ ಎಣ್ಣೆ ಸುರಿದ ಸೈಕಲ್ಲುಗಳನ್ನು ನಾನು ನೋಡಿದ್ದೇನೆ. ಅದು ಧೂಳು ಹಿಡಿದು ಅಂಟಾಗಿ ಗಟ್ಟಿಯಾಗುತ್ತದೆ. ಮೆಷಿನ್ ಆಯಿಲ್ ನಾಲ್ಕು ಹನಿ ಬಿಟ್ಟು, ಪೆಡಲ್ ತಿರುಗಿಸಿ, ಮೇಲಿನದನ್ನು ಬಟ್ಟೆಯಿಂದ ಒರೆಸಿದರೆ ಸಾಕಿತ್ತು.

ಆ ಹುಡುಗಿಯ ಸೈಕಲ್ ಸರಿಯಾದ ಮೇಲೆ ನಮ್ಮ ಶಾಲೆಯಲ್ಲಿ ಒಂದು ಸಾಮಾನಿನ ಪೆಟ್ಟಿಗೆ ಇಟ್ಟೆವು. ಹಳೇ ವಿದ್ಯಾರ್ಥಿಗಳು ಸ್ವಲ್ಪ ಕೊಟ್ಟರು, ಟೀಚರುಗಳು ಸ್ವಲ್ಪ ಹಾಕಿದೆವು. ಒಂದು ಗಾಳಿ ಪಂಪ್, ಬೇರೆ ಬೇರೆ ಅಳತೆಯ ತೂತುಗಳಿರುವ ಸೈಕಲ್ ಪಾನಾ, ಟೈರ್ ಎಬ್ಬಿಸುವ ಪಟ್ಟಿ, ಸಲ್ಯೂಷನ್ ಎನ್ನುವ ಅಂಟು, ಪ್ಯಾಚು, ಉಜ್ಜುವ ಕಾಗದ, ವಾಲ್ ಟ್ಯೂಬು, ಎಣ್ಣೆ ಡಬ್ಬಿ. ಅಷ್ಟೇ. ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ತೆಗೆದುಕೊಳ್ಳಬೇಕು, ಸೈಕಲ್ ಸ್ಟ್ಯಾಂಡಿನ ಹತ್ತಿರವೇ ಕೆಲಸ ಮಾಡಬೇಕು, ಬೆಲ್ ಹೊಡೆಯುವುದರೊಳಗೆ ವಾಪಸ್ ಇಡಬೇಕು. ಮನೆಗೆ ಕೊಡುವುದಿಲ್ಲ. ಈ ಕೊನೆಯ ನಿಯಮದ ಬಗ್ಗೆ ಮುಂದೆ ಹೇಳುತ್ತೇನೆ.

ಮಕ್ಕಳು ಪಂಚರ್ ಹಾಕುವುದನ್ನು ಕಲಿತ ರೀತಿ ನೋಡಲು ನಿಜಕ್ಕೂ ಚೆಂದ. ಮೊದಮೊದಲು ತೂತು ಸಿಕ್ಕ ಕೂಡಲೇ ಪ್ಯಾಚ್ ಅಂಟಿಸಲು ಓಡುತ್ತಿದ್ದರು. ಟೈರಿನೊಳಗೆ ಕೈ ಆಡಿಸಿ ಮುಳ್ಳು ಹುಡುಕಬೇಕು ಎನ್ನುವುದು ಆಮೇಲೆ ತಲೆಗೆ ಹೋಯಿತು. ಮುಳ್ಳು ಒಳಗೇ ಉಳಿದರೆ ಮನೆ ಮುಟ್ಟುವುದರೊಳಗೆ ಮತ್ತೆ ಪಂಚರ್. ತೂತಿನ ಸುತ್ತ ಚೆನ್ನಾಗಿ ಉಜ್ಜಬೇಕು, ಸಲ್ಯೂಷನ್ ತೆಳ್ಳಗೆ ಸವರಬೇಕು, ಸವರಿದ ಮೇಲೆ ಕಾಯಬೇಕು. ಈ ಕಾಯುವುದೇ ಮಕ್ಕಳಿಗೆ ಕಷ್ಟ. ಹಸಿ ಇರುವಾಗಲೇ ಪ್ಯಾಚ್ ಒತ್ತಿದರೆ ಅದು ಜಾರುತ್ತದೆ. ಬೆರಳು ಮುಟ್ಟಿದರೆ ಅಂಟಬೇಕು, ಬೆರಳಿಗೆ ಮೆತ್ತಿಕೊಳ್ಳಬಾರದು, ಆಗ ಒತ್ತಬೇಕು. ಪಕ್ಕಪಕ್ಕದಲ್ಲಿ ಎರಡು ಸಣ್ಣ ಸೀಳು ಕಂಡರೆ ಅದು ಮುಳ್ಳಿನದಲ್ಲ, ಗಾಳಿ ಕಮ್ಮಿ ಇದ್ದಾಗ ಕಲ್ಲಿಗೆ ಬಡಿದು ಟ್ಯೂಬು ರಿಮ್ಮಿನ ನಡುವೆ ಸಿಕ್ಕಿಕೊಂಡಿದ್ದು. ಅಂಥ ಹುಡುಗನಿಗೆ ಪ್ಯಾಚಿಗಿಂತ ಮೊದಲು ದಿನಾ ಗಾಳಿ ನೋಡಿಕೊಳ್ಳುವ ಅಭ್ಯಾಸ ಬೇಕು.

ಈಗ ಸೈಕಲ್ ಶಾಪಿನ ವಿಷಯಕ್ಕೆ ಬರುತ್ತೇನೆ. ಪತ್ರ ಬರೆಯಲು ಕೂತಿದ್ದೇ ಅದಕ್ಕೆ.

ನಮ್ಮ ಶಾಲೆಯ ಊರಿನ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಬೇವಿನ ಮರ ಇದೆ. ಅದರ ಕೆಳಗೆ ತಗಡಿನ ಗೂಡು. ಅದೇ ಸೈಕಲ್ ಶಾಪ್. ನಡೆಸುವವರನ್ನು ಊರೆಲ್ಲ ಚಾಚಾ ಎನ್ನುತ್ತದೆ. ಹಿಂದೆ ಅವರ ಹತ್ತಿರ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಇದ್ದವು. ಈಗ ನನ್ನ ಜೊತೆ ಕೆಲಸ ಮಾಡುವ ಕನ್ನಡ ಮೇಷ್ಟ್ರು ಸೈಕಲ್ ಕಲಿತದ್ದು ಅದೇ ಬಾಡಿಗೆ ಸೈಕಲ್ಲಿನಲ್ಲಿ. ಪೆಟ್ಟಿಗೆ ಇಟ್ಟ ಸುದ್ದಿ ಕೇಳಿ ಚಾಚಾ ಶಾಲೆಗೆ ಬಂದರು. ಸಿಟ್ಟಿರಲಿಲ್ಲ, ಬೇಜಾರಿತ್ತು.

'ಟೀಚರಮ್ಮ, ಹುಡುಗ್ರಿಗೆಲ್ಲ ಪಂಚರ್ ಹಾಕೋದು ಕಲಿಸಿಬಿಟ್ರೆ ನಾನೇನು ಮಾಡ್ಲಿ?' ಎಂದರು.

ಅವರ ಮಾತಿನಲ್ಲಿ ನ್ಯಾಯ ಇತ್ತು. ಪಂಚರ್ ದುಡ್ಡು ಅಂದರೆ ಆ ದಿನದ ಕೈಕಾಸು. ಸಂಜೆ ಮನೆಗೆ ತರಕಾರಿ ಒಯ್ಯುವುದು ಅದರಿಂದಲೇ. ನಾನು ಅವರನ್ನು ಸೈಕಲ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. 'ಚಾಚಾ, ಇದರಲ್ಲಿ ನಿಮ್ಮ ಅಂಗಡಿಗೆ ಬಂದಿರೋ ಸೈಕಲ್ ಯಾವುದು ಹೇಳಿ' ಎಂದೆ. ಅವರು ಒಂದೊಂದನ್ನೇ ನೋಡುತ್ತ ಹೋದರು. ಒಂದರ ಹಿಂದಿನ ಚಕ್ರ ಎತ್ತಿ ತಿರುಗಿಸಿದರು, ರಿಮ್ ಅಲ್ಲಾಡುತ್ತಿತ್ತು. ಇನ್ನೊಂದರ ಹ್ಯಾಂಡಲ್ ಹಿಡಿದು ಮುಂದಿನ ಬ್ರೇಕ್ ಒತ್ತಿ ಹಿಂದೆ ಮುಂದೆ ಆಡಿಸಿದರು, ಹ್ಯಾಂಡಲಿನೊಳಗಿನ ಬಾಲ್ಸ್, ಅಂದರೆ ಉಕ್ಕಿನ ಗುಂಡುಗಳು ಹೋಗಿದ್ದವು. ಮತ್ತೊಂದರ ಪೆಡಲ್ ಅದನ್ನು ಹಿಡಿದಿರುವ ಕ್ರ್ಯಾಂಕಿನಲ್ಲಿ ಸೊಟ್ಟಗೆ ನಿಂತಿತ್ತು. 'ಇವೆಲ್ಲ ಇಷ್ಟು ದಿನ ಎಲ್ಲಿದ್ವು?' ಎಂದು ಕೇಳಿದರು. ಮನೆಯಲ್ಲಿ ನಿಂತಿದ್ದವು. ಗಾಳಿ ಇಲ್ಲ ಎಂದು ಮೂಲೆಗೆ ಇಟ್ಟಿದ್ದವು. ಮಕ್ಕಳು ಪಂಚರ್ ಹಾಕಿಕೊಂಡು ರಸ್ತೆಗೆ ತಂದ ಮೇಲೆ ಉಳಿದ ಕಾಯಿಲೆಗಳು ಕಣ್ಣಿಗೆ ಬಿದ್ದವು.

ಸಂಪಾದಕರೇ, ನಾನು ಹೇಳಬೇಕೆಂದಿರುವುದು ಇದನ್ನೇ. ಓಡುವ ಸೈಕಲ್ಲು ಸವೆಯುತ್ತದೆ. ಸವೆದರೆ ಅಂಗಡಿಗೆ ಬರುತ್ತದೆ. ನಿಂತ ಸೈಕಲ್ಲಿನಿಂದ ಮೆಕ್ಯಾನಿಕ್‌ಗೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ, ಕೊನೆಗೆ ಅದು ಗುಜರಿಯವನ ಗಾಡಿಗೆ ಹೋಗುತ್ತದೆ. ಸಣ್ಣ ರಿಪೇರಿ ಮನೆಮಂದಿಗೆ ಬಂದರೆ ದೊಡ್ಡ ರಿಪೇರಿ ಅಂಗಡಿಗೆ ಸಿಗುತ್ತದೆ. ನಮ್ಮ ಚಾಚಾ ಈಗ ಪಂಚರ್ ಕಮ್ಮಿ ಹಾಕುತ್ತಾರೆ, ಚಕ್ರದ ಬೆಂಡ್ ತೆಗೆಯುವುದು, ಎಲ್ಲ ಬಿಚ್ಚಿ ತೊಳೆದು ಜೋಡಿಸುವ ಓವರಾಯಿಲಿಂಗು, ಟೈರ್ ಬದಲಿಸುವುದು ಜಾಸ್ತಿ ಮಾಡುತ್ತಾರೆ. ಹಾಗಂತ ಅವರ ಕಷ್ಟ ಎಲ್ಲ ತೀರಿತು ಎಂದು ನಾನು ಬರೆಯುವುದಿಲ್ಲ. ಊರಿನ ಗಂಡಸರೆಲ್ಲ ಬೈಕಿಗೆ ಹೋಗಿದ್ದಾರೆ, ಅದು ನಿಜ. ಆದರೆ ಮಕ್ಕಳ ಸೈಕಲ್ಲು ಅವರ ಅಂಗಡಿ ಮುಂದೆ ಮತ್ತೆ ನಿಲ್ಲುತ್ತಿವೆ.

ಈಗ ತಿಂಗಳಿಗೊಂದು ಶನಿವಾರ ಚಾಚಾ ಶಾಲೆಗೆ ಬಂದು ಕಲಿಸುತ್ತಾರೆ. ಅದಕ್ಕೆ ನಾವು ದುಡ್ಡು ಕೊಡುತ್ತೇವೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಕೈಕೆಲಸದವರನ್ನು ಶಾಲೆಗೆ ಕರೆದು, ಶಾಲು ಹೊದಿಸಿ, ಹಾರ ಹಾಕಿ, ಬರಿಗೈಯಲ್ಲಿ ಕಳಿಸುವ ಕೆಟ್ಟ ಅಭ್ಯಾಸ ನಮ್ಮಲ್ಲಿ ಇದೆ. ಅವರು ಅಂಗಡಿ ಮುಚ್ಚಿ ಬಂದಿರುತ್ತಾರೆ. ಆ ಹೊತ್ತಿನ ಸಂಪಾದನೆ ಬಿಟ್ಟಿರುತ್ತಾರೆ. ಬಿಟ್ಟಿ ಕಲಿಸಿಕೊಳ್ಳಬಾರದು.

ಎಂಟನೇ ತರಗತಿಯಲ್ಲಿ ಘರ್ಷಣೆಯ ಪಾಠ ಇದೆ. ಬಾಲ್ ಬೇರಿಂಗ್ ಘರ್ಷಣೆ ಕಡಿಮೆ ಮಾಡುತ್ತದೆ ಎಂದು ವರ್ಷಾ ವರ್ಷ ಬೋರ್ಡಿನ ಮೇಲೆ ಬರೆಸಿದ್ದೇನೆ. ಚಾಚಾ ಮುಂದಿನ ಚಕ್ರದ ನಡುವಿನ ಹಬ್ ಬಿಚ್ಚಿ ಗ್ರೀಸ್ ಒರೆಸಿ ತೋರಿಸಿದರು. ಆ ಕಡೆ ಹತ್ತು ಗುಂಡು, ಈ ಕಡೆ ಹತ್ತು ಗುಂಡು. ಒಂದು ಗುಂಡಿನ ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಗುಳಿ ಬಿದ್ದಿತ್ತು. ಅದನ್ನು ಒಬ್ಬ ಹುಡುಗನ ಅಂಗೈಗೆ ಹಾಕಿ, 'ಇದೊಂದು ಕೆಟ್ಟರೆ ಕಪ್ಪು, ಕೋನು ಎಲ್ಲ ತಿಂದುಬಿಡುತ್ತೆ' ಎಂದರು. ಗುಂಡುಗಳು ಉರುಳುವ ಬಟ್ಟಲಿಗೆ ಕಪ್ಪು, ಅವನ್ನು ಒತ್ತಿ ಹಿಡಿಯುವ ತುಂಡಿಗೆ ಕೋನು ಎನ್ನುತ್ತಾರೆ. ಆ ಪಾಠವನ್ನು ನಾನು ಅಷ್ಟು ಚೆನ್ನಾಗಿ ಮಾಡಿಲ್ಲ.

ಎಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳಿ ಎಂದು ಬರೆದ ಓದುಗರಿಗೆ ಇಲ್ಲೊಂದು ಮಾತು. ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ತುಳಿಯುವಾಗ ತಾನಾಗಿ ಬಿಚ್ಚಿಕೊಳ್ಳಬಾರದು ಎಂದು ಹಾಗೆ ಮಾಡಿದ್ದಾರೆ. ಅದು ಗೊತ್ತಿಲ್ಲದೆ ಉದ್ದನೆ ಪಾನಾ ಹಾಕಿ ಎಲ್ಲ ನಟ್ಟಿನ ಹಾಗೆ ಬಿಚ್ಚಲು ಹೋದರೆ ಇನ್ನೂ ಬಿಗಿಯಾಗುತ್ತದೆ. ಸೊಟ್ಟಗೆ ಸೇರಿಸಿ ಒತ್ತಿ ತಿರುಗಿಸಿದರೆ ಕ್ರ್ಯಾಂಕಿನ ಥ್ರೆಡ್ಡೇ ಹಾಳು. ನಾನು ಮೇಲೆ ಹೇಳಿದ ಸೊಟ್ಟ ಪೆಡಲ್ ಹಾಗೆ ಆದದ್ದು. ವಿಡಿಯೊ ನೋಡಿ ಮಾಡಿದ್ದರು ಆ ಹುಡುಗನ ಮಾವ.

ಕ್ರ್ಯಾಂಕಿನ ಕಾಟರ್ ಪಿನ್ ತೆಗೆಯುವುದನ್ನೇ ನೋಡಿ. ನಮ್ಮ ಹಳೇ ಮಾದರಿಯ ಕರಿ ಸೈಕಲ್ಲುಗಳಲ್ಲಿ ಕ್ರ್ಯಾಂಕನ್ನು ಹಿಡಿದಿರುವುದು ಆ ಪಿನ್ನೇ. ಅದನ್ನು ಸುಮ್ನೆ ಸುತ್ತಿಗೆಯಿಂದ ಬಡಿದರೆ ಪಿನ್ನಿನ ತುದಿ ಅಣಬೆಯಂತೆ ಅಗಲವಾಗಿ ಹೊರಗೇ ಬರುವುದಿಲ್ಲ. ಜೊತೆಗೆ ಏಟು ಒಳಗಿನ ಗುಂಡುಗಳಿಗೆ ಬೀಳುತ್ತದೆ. ಚಾಚಾ ಮೊದಲು ಕ್ರ್ಯಾಂಕಿನ ಕೆಳಗೆ ಒಂದು ದಪ್ಪ ಕಬ್ಬಿಣದ ಪೈಪು ನಿಲ್ಲಿಸುತ್ತಾರೆ, ಏಟೆಲ್ಲ ಪೈಪಿನ ಮೂಲಕ ನೆಲಕ್ಕೆ ಹೋಗಲಿ ಎಂದು. ನಟ್ಟನ್ನು ಪೂರ್ತಿ ತೆಗೆಯುವುದಿಲ್ಲ. ಪಿನ್ನಿನ ತುದಿಗೆ ಸಮವಾಗುವಷ್ಟು ಬಿಚ್ಚಿ ನಿಲ್ಲಿಸುತ್ತಾರೆ, ಥ್ರೆಡ್ ಉಳಿಯಲಿ ಎಂದು. ಆಮೇಲೆ ಒಂದೇ ಗಟ್ಟಿ ಏಟು. ಹತ್ತು ಮೆಲ್ಲನೆ ಏಟು ಕೊಟ್ಟರೆ ಕೆಡುತ್ತದೆ, ಒಂದು ನೇರ ಏಟಿಗೆ ಬರುತ್ತದೆ. ಇದನ್ನು ವಿಡಿಯೊ ನೋಡಿದರೆ ತಿಳಿಯಬಹುದು, ಕೈಗೆ ಬರುವುದಿಲ್ಲ.

ಬೆಂಡ್ ತೆಗೆಯುವ ಕೆಲಸವಂತೂ ನೋಡುತ್ತ ಕೂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ನಮ್ಮ ಕಡೆಯ ದೊಡ್ಡ ಸೈಕಲ್ಲಿನಲ್ಲಿ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಹಿಂದೆ ಮೂಟೆ ಹೇರುತ್ತಾರೆ, ಭಾರ ಅಲ್ಲೇ ಜಾಸ್ತಿ. ಚಾಚಾ ಚಕ್ರವನ್ನು ತಿರುಗಿಸಿ, ಸೀಮೆಸುಣ್ಣದ ತುಂಡನ್ನು ರಿಮ್ಮಿನ ಪಕ್ಕ ಹಿಡಿಯುತ್ತಾರೆ. ಹೊರಗೆ ಬಂದ ಜಾಗಕ್ಕೆ ಸುಣ್ಣ ತಾಗಿ ಗುರುತಾಗುತ್ತದೆ. ಬಲಕ್ಕೆ ವಾಲಿದ್ದರೆ ಎಡಗಡೆ ಹಬ್ಬಿನ ಕಡ್ಡಿಗಳನ್ನು ನಿಪ್ಪಲ್ ಕೀ ಎಂಬ ಕಡ್ಡಿ ಬಿಗಿಯುವ ಸಣ್ಣ ಪಾನಾದಿಂದ ಕಾಲು ಸುತ್ತು ಬಿಗಿ ಮಾಡುತ್ತಾರೆ, ಬಲಗಡೆಯದನ್ನು ಅಷ್ಟೇ ಸಡಿಲ. ಮತ್ತೆ ತಿರುಗಿಸುತ್ತಾರೆ. ಆಮೇಲೆ ಕಡ್ಡಿಗಳ ಮೇಲೆ ಉಗುರು ಎಳೆಯುತ್ತ ಹೋಗುತ್ತಾರೆ. ಸಡಿಲ ಇರುವ ಕಡ್ಡಿ ಮಂಕಾಗಿ ಸದ್ದು ಮಾಡುತ್ತದೆ, ಅವರ ಕಿವಿಗೆ ಅದು ಕೂಡಲೇ ಗೊತ್ತಾಗುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ನಿಪ್ಪಲ್ ಕೀ ಬೇಕೆಂದೇ ಇಟ್ಟಿಲ್ಲ. ಕಾಟರ್ ಪಿನ್, ಬೆಂಡ್, ಹಬ್, ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಚಕ್ರ) ಇವು ಅಂಗಡಿಯ ಕೆಲಸ. ಫ್ರೀವೀಲ್ ಬಿಚ್ಚುವ ಸಾಧನ ವರ್ಷಕ್ಕೊಮ್ಮೆಯೂ ಬೇಕಾಗುವುದಿಲ್ಲ, ಮನೆ ಮನೆಯಲ್ಲಿ ಅದನ್ನು ಕೊಂಡಿಟ್ಟುಕೊಂಡು ಏನು ಮಾಡುವುದು?

ಸಾಮಾನು ಸಾಲ ಕೊಡುವ ವಿಷಯದಲ್ಲಿ ಚಾಚಾ ಹೇಳಿದ್ದು ನನ್ನ ಕಣ್ಣು ತೆರೆಸಿತು. 'ಪಾನಾ ಕೇಳ್ತಾರೆ, ಕೊಡ್ತೀನಿ. ಮನೆಗೆ ಒಯ್ತಾರೆ, ವಾಪಸ್ ಬರಲ್ಲ. ತೆಳು ಪಾನಾ ಒಂದು ಹೋದ್ರೆ ಆವತ್ತು ಹಬ್ ಕೆಲಸ ಬಂದ್, ದಾವಣಗೆರೆ ಪೇಟೆಗೆ ಬಸ್ ಹತ್ತಬೇಕು.' ನೆರೆಹೊರೆಯವರಿಗೆ ಅದು ಬರೀ ಪಾನಾ, ಅವರಿಗೆ ಅದೇ ಆ ದಿನದ ದುಡಿಮೆ. ಹಿಂದಿನ ರೂಢಿ ಬೇರೆ ಇತ್ತು. ಅಂಗಡಿಗೆ ಹೋಗಿ, 'ಅಣ್ಣಾ, ಹದಿಮೂರು-ಹದಿನಾಲ್ಕು ಪಾನಾ ಸ್ವಲ್ಪ ಕೊಡಿ' ಎಂದರೆ, 'ತಗೋ, ಇಲ್ಲೇ ಕೂತು ಮಾಡ್ಕೋ' ಎನ್ನುತ್ತಿದ್ದರು. ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತು ನಾವೇ ಬಿಚ್ಚಿ ಹಾಕುತ್ತಿದ್ದೆವು. ಅವರು ತಮ್ಮ ಕೆಲಸ ಮಾಡುತ್ತಲೇ ಒಂದು ಕಣ್ಣು ಇತ್ತ ಇಟ್ಟಿರುತ್ತಿದ್ದರು. 'ಆ ಕಡೆ ಅಲ್ಲ, ಈ ಕಡೆ ತಿರುಗ್ಸು' ಎನ್ನುತ್ತಿದ್ದರು. ನಟ್ಟು ಒಂದೋ ಎರಡೋ ಬೇಕಾದರೆ ಅವರ ಡಬ್ಬಿಯಿಂದಲೇ ಕೊಳ್ಳುತ್ತಿದ್ದೆವು. ಸಾಮಾನು ಅಲ್ಲೇ ಉಳಿಯುತ್ತಿತ್ತು, ಕಲಿಯುವುದೂ ಆಗುತ್ತಿತ್ತು. ನಮ್ಮ ಪೆಟ್ಟಿಗೆಯ ನಿಯಮ ಅದನ್ನು ನೋಡಿಯೇ ಮಾಡಿದ್ದು. ಪಾನಾ ಎಲ್ಲಿದೆಯೋ ಅಲ್ಲೇ ಕೂತು ಕೆಲಸ ಮಾಡಬೇಕು, ಪಕ್ಕದಲ್ಲಿ ಬಲ್ಲವರಿರಬೇಕು.

ದಾವಣಗೆರೆ ನಗರದವರಿಗೂ ಒಂದೆರಡು ಮಾತು. ಗಾಜಿನ ಮನೆ ಕಡೆಗೋ ಕುಂದುವಾಡ ಕೆರೆ ಏರಿ ಮೇಲೋ ಬೆಳಿಗ್ಗೆ ಗೇರ್ ಸೈಕಲ್ಲಿನಲ್ಲಿ ಬರುವವರು ಈಚೆಗೆ ಕಾಣುತ್ತಾರೆ. ಬಹಳ ಸಂತೋಷ. ಆದರೆ ಸೈಕಲ್ಲನ್ನು ಆನ್‌ಲೈನಿನಲ್ಲಿ ಡಬ್ಬದಲ್ಲಿ ತರಿಸಿಕೊಂಡು, ಹತ್ತಿರದ ಶಾಪಿಗೆ ಒಯ್ದು, 'ಸ್ವಲ್ಪ ಜೋಡಿಸಿ ಕೊಡಿ, ಎರಡು ನಿಮಿಷದ ಕೆಲಸ' ಎಂದು ಚೌಕಾಶಿ ಮಾಡಬೇಡಿ. ಅದು ಎರಡು ನಿಮಿಷದ ಕೆಲಸ ಅಲ್ಲ. ಬ್ರೇಕ್ ಹಿಡಿಯಬೇಕು, ಗೇರ್ ಕೂರಬೇಕು, ಚಕ್ರ ನೇರ ಓಡಬೇಕು. ಕೇಳಿದಷ್ಟು ಕೊಡಿ. ಅಲೆನ್ ಕೀ ಸೆಟ್ ಒಂದು ಮನೆಯಲ್ಲಿ ಇಟ್ಟುಕೊಳ್ಳಿ, ಸೀಟು ಹ್ಯಾಂಡಲ್ ನೀವೇ ಸರಿ ಮಾಡಿಕೊಳ್ಳಬಹುದು. ಒಂದು ಅಡಿಪಟ್ಟಿಯಿಂದ ಚೈನು ಅಳೆಯುವುದನ್ನೂ ಕಲಿಯಿರಿ. ಚೈನಿನ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಹಾಗಾಗಿ 24 ಅಂತರ ಸೇರಿದರೆ ಸರಿಯಾಗಿ 12 ಇಂಚು. ಅದು ಇಂಚಿನ ಎಂಟನೇ ಒಂದು ಭಾಗ ಉದ್ದ ಬಂದಿದ್ದರೆ ಚೈನ್ ಮುಗಿಯಿತು, ಹಿಂದಿನ ಹಲ್ಲುಗಳೂ ಬಹುತೇಕ ಸವೆದಿರುತ್ತವೆ. ಮೊದಲೇ ನೋಡಿಕೊಂಡಿದ್ದರೆ ಬರೀ ಚೈನಿನ ಖರ್ಚಿನಲ್ಲಿ ಮುಗಿಯುತ್ತಿತ್ತು.

ಅಂಗಡಿಯವರ ಕಡೆಯಿಂದ ಆಗುವ ತಪ್ಪನ್ನೂ ಹೇಳಬೇಕು. ನನ್ನ ಅಕ್ಕನ ಮಗನ ಸೈಕಲ್ ಪಂಚರ್ ಆದಾಗ ಒಂದು ದೊಡ್ಡ ಅಂಗಡಿಯಲ್ಲಿ, 'ನಾವು ಪ್ಯಾಚ್ ಹಾಕಲ್ಲ ಮೇಡಂ, ಟ್ಯೂಬೇ ಚೇಂಜ್ ಮಾಡೋದು' ಎಂದರು. ಒಂದೇ ಒಂದು ಸಣ್ಣ ತೂತು. ಒಳ್ಳೆ ಟ್ಯೂಬನ್ನು ಕಸಕ್ಕೆ ಎಸೆಯಲು ನನಗೆ ಮನಸ್ಸಾಗಲಿಲ್ಲ, ಕೇಳಿ ತೆಗೆದುಕೊಂಡು ಬಂದು ಮನೆಯಲ್ಲಿ ಪ್ಯಾಚ್ ಹಾಕಿದೆ. ಇವತ್ತಿಗೂ ಓಡುತ್ತಿದೆ. ಇಂಥ ಅನುಭವ ಆದವರೇ ಅಂಗಡಿಗಳ ಮೇಲೆ ನಂಬಿಕೆ ಕಳೆದುಕೊಂಡು, ಎಲ್ಲ ನಾವೇ ಮಾಡಿಕೊಳ್ಳುತ್ತೇವೆ ಎನ್ನುವುದು. ಮರದ ಕೆಳಗಿನ ಮೆಕ್ಯಾನಿಕ್ ಹಾಗೆ ಮಾಡುವುದಿಲ್ಲ. ಆ ನಂಬಿಕೆ ಉಳಿದಿರುವುದು ಅವರ ಹತ್ತಿರವೇ.

ಅವರಿಗೇ ಈಗ ಜಾಗ ಇಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ದಾವಣಗೆರೆಯ ಹೆಸರು ಬಂದಿತ್ತು. ರಸ್ತೆ ಅಗಲವಾಗುವುದು, ಫುಟ್‌ಪಾತ್ ಆಗುವುದು ಎಲ್ಲ ಬೇಕಾದ್ದೇ. ಆದರೆ ಯಾವ ಊರಿನಲ್ಲೇ ಆಗಲಿ, ರಸ್ತೆ ಅಗಲ ಮಾಡಿದಾಗ ಮೊದಲು ಎತ್ತಂಗಡಿ ಆಗುವುದು ಮೂಲೆಯಲ್ಲಿ ಕೂತ ಪಂಚರ್ ಅಂಗಡಿ, ಚಪ್ಪಲಿ ಹೊಲಿಯುವವರು, ಬೀಗ ರಿಪೇರಿಯವರು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಓದಿ ನೋಡಿ. ಸಾಮಾನು ಮಾರುವವರು ಮಾತ್ರ ಅಲ್ಲ, ರಸ್ತೆ ಬದಿಯಲ್ಲಿ ಜನರಿಗೆ ಸೇವೆ ಕೊಡುವವರೂ ಅದರಲ್ಲಿ ಬರುತ್ತಾರೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಬೇಕು, ಪ್ರಮಾಣಪತ್ರ ಕೊಡಬೇಕು ಎಂದು ಅದರಲ್ಲಿದೆ. ಎಷ್ಟೋ ಸೈಕಲ್ ಮೆಕ್ಯಾನಿಕ್‌ಗಳಿಗೆ ತಾವೂ ಆ ಲೆಕ್ಕಕ್ಕೆ ಸೇರುತ್ತೇವೆ ಅನ್ನುವುದೇ ಗೊತ್ತಿಲ್ಲ. ತಳ್ಳುಗಾಡಿಯವರಿಗೆ ಮಾತ್ರ ಎಂದುಕೊಂಡಿದ್ದಾರೆ. ಬೀದಿಬದಿ ವ್ಯಾಪಾರಿಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪಿಎಂ ಸ್ವನಿಧಿ ಸಾಲವೂ ಹಾಗೆಯೇ. ಮೊದಲ ಕಂತು 10,000 ರೂಪಾಯಿ ಇತ್ತು. ಅಷ್ಟು ದುಡ್ಡಿಗೆ ಒಬ್ಬ ಮೆಕ್ಯಾನಿಕ್ ಅಲೆನ್ ಕೀ, ಚೈನ್ ಕಟರ್, ಗೇರ್ ಸೈಕಲ್ಲಿನ ಫ್ರೀವೀಲ್ ರಿಮೂವರ್ ಎಲ್ಲ ತರಬಹುದು. ಹೊಸ ಸೈಕಲ್ಲುಗಳನ್ನು ವಾಪಸ್ ಕಳಿಸಬೇಕಾಗಿಲ್ಲ. ಓದು ಬರಹ ಬಲ್ಲ ನಾವು ನಮ್ಮ ಓಣಿಯ ಮೆಕ್ಯಾನಿಕ್ ಜೊತೆ ಕೂತು ಅರ್ಜಿ ತುಂಬಿಸಿಕೊಟ್ಟರೆ ಅದೇ ದೊಡ್ಡ ಉಪಕಾರ.

ಸಂಬಂಧಪಟ್ಟವರನ್ನು ನಾನು ಕೇಳುವುದು ಹೆಚ್ಚೇನಿಲ್ಲ. ಶಾಲಾ ಸೈಕಲ್ ಯೋಜನೆ ಮತ್ತೆ ಶುರುವಾದ ದಿನ, ಪ್ರತಿ ಶಾಲೆಗೂ ಒಂದು ಸಾಮಾನಿನ ಪೆಟ್ಟಿಗೆಯನ್ನೂ ಎರಡು ಗಟ್ಟಿ ಪಂಪುಗಳನ್ನೂ ಜೊತೆಗೆ ಕೊಡಿ. ಸೈಕಲ್ಲುಗಳನ್ನು ಜೋಡಿಸುವ ಕೆಲಸವನ್ನು ಆಯಾ ಊರಿನ ಮೆಕ್ಯಾನಿಕ್‌ಗಳಿಗೆ ಕೂಲಿ ಕೊಟ್ಟು ಮಾಡಿಸಿ, ಆಗ ನಟ್ಟು ಸಡಿಲ ಇರುವ ಸೈಕಲ್ ಮಕ್ಕಳ ಕೈಗೆ ಬರುವುದಿಲ್ಲ, ಮೆಕ್ಯಾನಿಕ್‌ಗೂ ಆ ಸೈಕಲ್ಲುಗಳ ಗುರುತು ಇರುತ್ತದೆ. ತಿಂಗಳಿಗೊಂದು ತರಗತಿಗೆ ಅವರನ್ನು ಕರೆಸಲು ಶಾಲೆಗೆ ಸ್ವಲ್ಪ ಹಣ ಇಡಿ. ಪ್ರತಿ ವರ್ಷ ಜೂನ್ 3ರಂದು ವಿಶ್ವ ಸೈಕಲ್ ದಿನ ಎಂದು ಜಾಥಾ ಮಾಡುತ್ತೇವೆ. 2018ರಲ್ಲಿ ವಿಶ್ವಸಂಸ್ಥೆ ಆ ದಿನವನ್ನು ಘೋಷಿಸಿತು. ಜಾಥಾ ಇರಲಿ, ಬ್ಯಾನರ್ ಇರಲಿ. ಆ ಬೆಳಿಗ್ಗೆ ಊರಿನ ಮೆಕ್ಯಾನಿಕ್‌ರನ್ನು ಶಾಲೆ ಅಂಗಳದಲ್ಲಿ ಕೂರಿಸಿ ಮಕ್ಕಳ ಸೈಕಲ್ಲುಗಳನ್ನು ಪರೀಕ್ಷೆ ಮಾಡಿಸಿದರೆ ಇನ್ನೂ ಚೆನ್ನ. ಜೂನ್ ಅಂದರೆ ಶಾಲೆ ಆಗ ತಾನೇ ಶುರುವಾಗಿರುತ್ತದೆ. ಬೇಸಿಗೆ ರಜೆಯಲ್ಲಿ ಬಿಸಿಲಿಗೆ ನಿಂತ ಸೈಕಲ್ಲುಗಳ ವಾಲ್ ಟ್ಯೂಬ್ ಒಣಗಿರುತ್ತವೆ, ಟೈರು ಸೀಳಿರುತ್ತವೆ. ಪರೀಕ್ಷೆಗೆ ಅದಕ್ಕಿಂತ ಸರಿಯಾದ ದಿನ ಇಲ್ಲ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದ ಮೇಲೋ ಮೆಟ್ಟಿಲ ಕೆಳಗೋ ಹಳೇ ಗಾಳಿ ಪಂಪ್ ಇದ್ದರೆ ನಿಮ್ಮ ಹತ್ತಿರದ ಹೈಸ್ಕೂಲಿಗೆ ಕೊಡಿ. ಗಾಳಿ ಬರುತ್ತಿಲ್ಲ ಎಂದು ಎಸೆಯಬೇಡಿ. ಎಷ್ಟೋ ಸಲ ಒಳಗಿನ ಚರ್ಮದ ವಾಷರ್ ಒಣಗಿರುತ್ತದೆ, ಅಷ್ಟೇ. ಬಿಚ್ಚಿ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿದರೆ ಮೆತ್ತಗಾಗಿ ಮತ್ತೆ ಗಾಳಿ ಹಿಡಿಯುತ್ತದೆ. ಅದೂ ಆಗದಿದ್ದರೆ ಸೈಕಲ್ ಶಾಪಿನಲ್ಲಿ ಹೊಸ ವಾಷರ್ ಸಿಗುತ್ತದೆ, ಹಾಕಿಸಿಯೇ ಕೊಡಿ.

ಇತಿ,
ಸರ್ಕಾರಿ ಹೈಸ್ಕೂಲಿನ ಒಬ್ಬ ವಿಜ್ಞಾನ ಶಿಕ್ಷಕಿ
ನಿಟ್ಟುವಳ್ಳಿ, ದಾವಣಗೆರೆ